ಮರದ ಉಸಿರಿಗೆ ಮಂಗಳಾರತಿ

“ಈ ಮರಕ್ಕೆ ಯಾವನಪ್ಪಾ ಕವರ್ ತೊಡಿಸಿರೋನು?”

ಪಾಪಕ್ಕ ಕೇಳಿದ್ದು ಯಾರನ್ನೂ ಅಲ್ಲ. ಆ ಹೊತ್ತಿನಲ್ಲಿ ನೀಲಗಿರಿ ತೋಪಿನೊಳಗೆ ಅವಳು ಮತ್ತು ಅವಳ ಪೊರಕೆ ಬಿಟ್ಟರೆ ಕಣ್ಣಿಗೆ ಕಾಣುವ ಜೀವವೇ ಇರಲಿಲ್ಲ. ಬೆಳಕು ಹರಿಯುತ್ತಲೇ ಬಂದು, ಉದುರಿದ ಎಲೆ ಗುಡಿಸಿ, ಮೂಟೆ ಕಟ್ಟಿ ನೀರೊಲೆಗೆ ಹೊತ್ತೊಯ್ಯುವುದು ಸೊಣ್ಣೇಪಾಳ್ಯದ ಹೆಂಗಸರ ಹಳೆಯ ಪದ್ಧತಿ. ಅವತ್ತು ಮೊದಲು ಬಂದವಳು ಪಾಪಕ್ಕ.

ಉತ್ತರ ಕೊಡಬೇಕಾಗಿದ್ದವನು ಅಲ್ಲೇ ಇದ್ದ. ಆದರೆ ಲಂಟಾನ ಪೊದೆಯ ಹಿಂದೆ ಚೊಂಬು ಪಕ್ಕಕ್ಕಿಟ್ಟುಕೊಂಡು ಕೂತಿದ್ದ; ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಆ ಒಂದು ಗಳಿಗೆ ನಂದಕುಮಾರ ನಾಚಿಕೆ ಬಿಟ್ಟು “ನಾನೇ ಕಣಕ್ಕ” ಎಂದಿದ್ದರೆ ಈ ಕತೆ ಇಲ್ಲಿಗೇ ಮುಗಿದು, ಪಾಪಕ್ಕ ಎಲೆ ಗುಡಿಸಿಕೊಂಡು ಮನೆಗೆ ಹೋಗುತ್ತಿದ್ದಳು. ಮಾನವಂತ, ಉಸಿರು ಬಿಗಿಹಿಡಿದು ಸುಮ್ಮನೆ ಕೂತ.

ಅವನು ಉಸಿರು ಬಿಗಿಹಿಡಿದ ಹೊತ್ತಿಗೆ ಸರಿಯಾಗಿ ಮರ ಉಸಿರು ಬಿಟ್ಟಿತು. ಮೋಟಾದ ಬುಡದಿಂದ ಚಿಗುರಿ ಎದೆಯೆತ್ತರಕ್ಕೆ ಬಾಗಿದ್ದ ಕೊಂಬೆಯೊಂದಕ್ಕೆ ತೊಡಿಸಿದ್ದ ಆ ಪಾರದರ್ಶಕ ಪ್ಲಾಸ್ಟಿಕ್ ಚೀಲ ಮೆಲ್ಲಗೆ ಉಬ್ಬಿತು. ಒಂದು ಕ್ಷಣ ನಿಂತಿತು. ಮತ್ತೆ ಮೆಲ್ಲಗೆ ಇಳಿಯಿತು. ಚೀಲದ ಒಳಮೈಯಲ್ಲಿ ಸಣ್ಣ ಸಣ್ಣ ಹನಿಗಳು, ಹೆಂಗಸಿನ ಹಣೆಯ ಬೆವರಿನ ಹಾಗೆ. ಎಲೆರಾಶಿಯ ಮರೆಯಲ್ಲಿ ಬ್ಯಾಟರಿಗೆ ತಗುಲಿಸಿದ್ದ ಪುಟ್ಟ ಪಂಪು ಪಾಪಕ್ಕನಿಗೆ ಕಾಣಲಿಲ್ಲ. ಕಂಡದ್ದು ಉಸಿರಾಡುವ ಕೊಂಬೆ.

“ನಮ್ಮವ್ವಾ, ಸಪ್ಪಲಮ್ಮಾ,” ಎಂದು ಊರದೇವತೆಯನ್ನು ಕೂಗಿದಳು ಪಾಪಕ್ಕ. ಪೊರಕೆ ಅಲ್ಲೇ ಬಿತ್ತು. ಮಂಡಿನೋವಿನ ಹೆಂಗಸು ಊರ ಕಡೆಗೆ ಓಡಿದ ಓಟ ನೋಡಿದ್ದರೆ ಆಸ್ಪತ್ರೆಯವರು ಅವಳಿಗೆ ಮಾತ್ರೆ ನಿಲ್ಲಿಸಿಬಿಡುತ್ತಿದ್ದರು.

ನಂದಕುಮಾರ ದೊಡ್ಡಬಳ್ಳಾಪುರದ ನೇಕಾರರ ಮನೆಯ ಹುಡುಗ. ಬಿ.ಎಸ್ಸಿ. ಮುಗಿಸಿ ಬೆಂಗಳೂರಿನ ಒಂದು ಸಂಶೋಧನಾಲಯದಲ್ಲಿ ತಾತ್ಕಾಲಿಕ ಸಹಾಯಕನಾಗಿದ್ದ. ಅವನ ಕೆಲಸ ಮರದ ಉಸಿರು ಹಿಡಿಯುವುದು. ಗಿಡಮರಗಳು ಹಗಲಿಡೀ ಒಂದು ಬಗೆಯ ಗಂಧದ ಗಾಳಿಯನ್ನು ಆಕಾಶಕ್ಕೆ ಬಿಡುತ್ತವಂತೆ. ಆಕಾಶ ಅದರಲ್ಲೊಂದಿಷ್ಟನ್ನು ಉಂಡು, ಉಳಿದದ್ದಕ್ಕೆ ಬೇರೆ ರೂಪ ಕೊಟ್ಟು ಕಾಡಿಗೇ ಹಿಂದಿರುಗಿಸುತ್ತದಂತೆ. ಈ ಕೊಡುಕೊಳ್ಳುವಿಕೆಯನ್ನು ಕಂಪ್ಯೂಟರಿನೊಳಗೆ ಕಟ್ಟಿ ನಿಲ್ಲಿಸಿದವರು ಡಾಕ್ಟರ್ ಸೇತುಮಾಧವರಾಯರು. ಅದಕ್ಕೆ ಮಾಡೆಲ್ ಎಂದು ಹೆಸರು. ಮಾಡೆಲ್ ಪ್ರಕಾರ ಬಿಸಿಲೇರಿದಂತೆ ನೀಲಗಿರಿಯ ಗಾಳಿ ಏರಬೇಕು, ನಡುಹಗಲಲ್ಲಿ ತುದಿ ಮುಟ್ಟಬೇಕು, ಸಂಜೆಗೆ ಇಳಿಯಬೇಕು. ಕಾಗದದ ಮೇಲೆ ಬರೆದರೆ ಥೇಟ್ ಶಿವಗಂಗೆ ಬೆಟ್ಟ.

ನಂದಕುಮಾರ ತಂದುಕೊಟ್ಟ ಗಾಳಿಯನ್ನು ಬರೆದಾಗಲೆಲ್ಲ ಬರುತ್ತಿದ್ದದ್ದು ಕೆರೆಯ ಏರಿ. ಈ ತುದಿಯಿಂದ ಆ ತುದಿಗೆ ಮಟ್ಟಸ.

“ನನ್ನ ಮಾಡೆಲ್ ಸರಿಯಾಗಿದೆ. ನಿನ್ನ ಕೈ ಸರಿಯಿಲ್ಲ,” ಎಂದಿದ್ದರು ರಾಯರು. “ಬರೋ ಶುಕ್ರವಾರ ಕೊನೇ ಸಲ ಹೋಗು. ಬೆಟ್ಟ ಬಂದ್ರೆ ಕೆಲಸ ಮುಂದುವರಿಸೋಣ. ಇಲ್ಲದಿದ್ರೆ ನಿಮ್ಮಪ್ಪನ ಮಗ್ಗ ಇದೆಯಲ್ಲ.”

ಅಪ್ಪ ರಾಮಲಿಂಗಯ್ಯನ ಮಗ್ಗ ಇತ್ತು. ಅದರ ಜೊತೆಗೆ ಅಪ್ಪನ ಬಾಯಿಯೂ ಇತ್ತು. “ಇಲ್ಲಿ ಮಗ್ಗದ ಸದ್ದಿಗೆ ಕಿವಿ ಹೋದ್ರೂ ಸಂಜೆಗೆ ಕೈಗೊಂದು ಸೀರೆ ಬರುತ್ತೆ. ನೀನು ಗಾಳಿ ಹಿಡಿದು ಏನ್ ನೇಯ್ತೀಯೋ ನೋಡ್ತೀನಿ,” ಎಂದು ಅಪ್ಪ ಮೊದಲ ದಿನವೇ ಹೇಳಿದ್ದ. ಆ ಮಾತನ್ನು ನಿಜಮಾಡಿ ಮನೆಗೆ ಹೋಗುವುದಕ್ಕಿಂತ ಈ ತೋಪಿನಲ್ಲೇ ಬೇರು ಬಿಡುವುದು ಮೇಲು ಅನ್ನಿಸಿತ್ತು ನಂದಕುಮಾರನಿಗೆ.

ಹಾಗಾಗಿ ಈ ಸಲ ಅವನು ವ್ರತ ಹಿಡಿದವನಂತೆ ಬಂದಿದ್ದ. ಸುತ್ತಮುತ್ತ ಬೇರೆ ಯಾವ ವಾಸನೆ ಸುಳಿದರೂ ಮರದ ಗಾಳಿ ಮೈಲಿಗೆಯಾಗುತ್ತದೆ. ಸೋಪಿಲ್ಲ, ತಲೆಗೆ ಎಣ್ಣೆಯಿಲ್ಲ, ಬರೀ ತಣ್ಣೀರ ಸ್ನಾನ. ಈರುಳ್ಳಿ ಬೆಳ್ಳುಳ್ಳಿ ಬಿಟ್ಟು ಎರಡು ದಿನ. ಬೆಳಗಿನ ಕಾಫಿಯೂ ಇಲ್ಲ. ಷರಟು ಪ್ಯಾಂಟಿಗೆ ಬೀರುವಿನ ನುಸಿಗುಳಿಗೆ ವಾಸನೆ ಎಂದು ಬರೀ ನೀರಲ್ಲಿ ಒಗೆದ ಅಪ್ಪನ ಬಿಳಿ ಪಂಚೆ, ಮೇಲೊಂದು ಬಿಳಿ ವಲ್ಲಿ. ಬೂಟಿನ ಪಾಲಿಶ್ ನಾರುತ್ತದೆಂದು ಬರಿಗಾಲು. ಪೆಟ್ರೋಲು ಮುಟ್ಟದ ಹಾಗೆ ಮೊಪೆಡ್ಡನ್ನು ಟಾರ್ ರಸ್ತೆಯಲ್ಲೇ ನಿಲ್ಲಿಸಿ ನಡೆದು ಬಂದಿದ್ದ. “ಯಾವ ದೇವರಿಗೋ ಮಡಿ?” ಎಂದು ಅವನಮ್ಮ ನಾಗಲಕ್ಷ್ಮಮ್ಮ ಕೇಳಿದಾಗ, “ಕಂಪ್ಯೂಟರ್ ದೇವರಿಗಮ್ಮ,” ಎಂದು ತಮಾಷೆ ಮಾಡಿದ್ದ. ದೇವರ ವಿಷಯದಲ್ಲಿ ತಮಾಷೆ ಮಾಡಬಾರದಿತ್ತು.

ಪೊದೆಯಿಂದ ಎದ್ದು ಬಂದು, ಕೈಕಾಲು ತೊಳೆದು, ಮೊದಲ ಗಾಜಿನ ಕೊಳವೆಗೆ ಗಾಳಿ ಎಳೆದು ಮುಚ್ಚಳ ಹಾಕಿದ. ಗಂಟೆಗೊಂದು ಕೊಳವೆ; ಆಕಾಶ ಕಳಚಿ ಬಿದ್ದರೂ ತಪ್ಪಬಾರದು ಎಂಬುದು ರಾಯರ ಅಪ್ಪಣೆ.

ಅಷ್ಟರಲ್ಲಿ ತೋಪಿನ ವಾಚರ್ ಜವರಪ್ಪ ಬೀಡಿ ಸೇದುತ್ತ ಬಂದ.

“ಏನ್ ಗುರು, ಪಾಪಕ್ಕ ಊರ್ ತುಂಬಾ ಸಾರ್ಕೊಂಡ್ ಬತ್ತಾವ್ಳೆ, ಮರದಾಗೆ ಅಮ್ಮ ಬಂದವ್ಳೆ ಅಂತ.”

“ಅಣ್ಣ, ಮೊದಲು ಬೀಡಿ ಬಿಸಾಕಿ.”

ಜವರಪ್ಪ ಬೀಡಿಯನ್ನು ಬಿಸಾಡದೆ ಗೌರವಕ್ಕೆಂದು ಬೆನ್ನ ಹಿಂದೆ ಹಿಡಿದುಕೊಂಡ. ಹೊಗೆ ಅವನ ಎರಡೂ ಭುಜದ ಮೇಲಿಂದ ಎದ್ದು ನೇರವಾಗಿ ಚೀಲದ ಕಡೆ ನಡೆಯಿತು.

“ಇದೇನ್ ಮಾಡ್ತಿದ್ದೀಯ?”

“ಮರ ಉಸಿರು ಬಿಡುತ್ತಲ್ಲ, ಅದನ್ನ ಹಿಡೀತಿದ್ದೀನಿ.”

“ಹಿಡಿದು?”

“ಬೆಂಗಳೂರಿಗೆ ತಗೊಂಡ್ಹೋಗ್ತೀನಿ.”

ಜವರಪ್ಪನ ಮುಖದಲ್ಲಿ ಸರ್ಕಾರ ಎಚ್ಚೆತ್ತಿತು. “ತಗೊಂಡೋಗದಾ? ಈ ತೋಪಿಂದ ಒಂದ್ ಕಡ್ಡಿ ಆಚೆ ಹೋದ್ರೂ ಪರ್ಮಿಟ್ ಬೇಕು.”

“ಗಾಳಿ ಅಣ್ಣಾ ಇದು.”

“ಯಾವ ಮರದ್ದು?”

“ಈ ಮರದ್ದೇ.”

“ಮತ್ತೆ? ಮರ ಇಲಾಖೇದು, ಮರದ ಉಸ್ರೂ ಇಲಾಖೇದು. ಇವತ್ತು ಉಸ್ರು ತಗೊಂಡೋಯ್ತೀಯ, ನಾಳೆ ಮರ ಸತ್ತೋದ್ರೆ ಸಾಹೇಬ್ರಿಗೆ ಯಾರಪ್ಪ ಉತ್ತರ ಕೊಡೋರು?”

ಅಷ್ಟು ಹೊತ್ತಿಗೆ ನಂದಕುಮಾರನಿಗೆ ಎರಡನೆಯ ಕೊಳವೆಯ ಹೊತ್ತಾಯಿತು. ಬೀಡಿಯ ಸಮೇತ ಗಾಳಿ ಎಳೆದುಕೊಂಡ. ಜೊತೆಗೆ ಹೆಂಗಸರ ಮೊದಲ ತಂಡವೂ ಬಂತು.

ಮುಂದೆ ಪಾಪಕ್ಕ. ತಲೆಗೆ ಸ್ನಾನ ಮಾಡಿ, ಕೊಬ್ಬರಿ ಎಣ್ಣೆ ಸುರಿದುಕೊಂಡು, ಮೊಳದುದ್ದ ಮಲ್ಲಿಗೆ ಮುಡಿದಿದ್ದಳು. ಹಿಂದಿದ್ದವರ ತಟ್ಟೆಗಳಲ್ಲಿ ಅರಿಶಿನ, ಕುಂಕುಮ, ನಿಂಬೆಹಣ್ಣು, ಬೇವಿನ ಸೊಪ್ಪು, ಊದುಬತ್ತಿ. ರಾಯರು ‘ಹತ್ತಿರ ಸುಳಿಯಕೂಡದು’ ಎಂದು ಹೇಳಿಕೊಟ್ಟಿದ್ದ ವಸ್ತುಗಳೆಲ್ಲ ಸ್ನಾನಮಾಡಿ ಮಡಿಯುಟ್ಟು ಮೆರವಣಿಗೆಯಲ್ಲಿ ಬಂದ ಹಾಗಿತ್ತು.

“ಅಕ್ಕಾ, ಇಲ್ಲಿ ಏನೂ ಇಲ್ಲ, ದಯವಿಟ್ಟು ಹೋಗಿ,” ಎಂದ ನಂದಕುಮಾರ.

ಪಾಪಕ್ಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬಿಳಿ ಪಂಚೆ, ಬರಿಗಾಲು, ಎಣ್ಣೆ ಕಾಣದ ತಲೆ, ಉಪವಾಸದ ಮುಖ.

“ಸ್ವಾಮಿ, ಊಟ ಮಾಡಿದ್ದೀರಾ?”

“ಇಲ್ಲ, ಇವತ್ತು ತಿನ್ನೋ ಹಾಗಿಲ್ಲ.”

“ನೀರುಳ್ಳಿ, ಬೆಳ್ಳುಳ್ಳಿ?”

“ಮುಟ್ಟಿಲ್ಲ.”

“ನೋಡ್ರೇ,” ಎಂದಳು ಪಾಪಕ್ಕ ಹಿಂದಕ್ಕೆ ತಿರುಗಿ. “ನಾನ್ ಏಳ್ಲಿಲ್ವಾ?”

“ಅಯ್ಯೋ, ಹಾಗಲ್ಲ ಅಕ್ಕ. ಇದು ಅಮ್ಮ ಅಲ್ಲ, ಮರ.”

“ಉಸ್ರಾಡ್ತಾ ಐತೋ ಇಲ್ವೋ?”

ನಂದಕುಮಾರ ಸುಳ್ಳು ಹೇಳುವ ಜಾಯಮಾನದವನಲ್ಲ. “ಉಸಿರೇನೋ ಆಡುತ್ತೆ. ಎಲ್ಲಾ ಮರಾನೂ ಆಡುತ್ತೆ. ಅದರ ಉಸಿರು ಆಕಾಶಕ್ಕೆ ಹೋಗುತ್ತೆ, ಆಕಾಶದ್ದು ಮತ್ತೆ ಇದಕ್ಕೆ ಬರುತ್ತೆ...”

ಹೆಂಗಸರು ಕೈಮುಗಿದರು. ಇಷ್ಟು ಚೆನ್ನಾಗಿ ಪ್ರವಚನ ಮಾಡುವವರು ಆ ಊರಿಗೆ ಬಂದು ಬಹಳ ಕಾಲವಾಗಿತ್ತು.

ಬಿಸಿಲು ಏರಿತು. ಬಿಸಿಲಿನ ಜೊತೆಗೇ ಜನವೂ ಏರಿದರು. ಬಂದವರು ಬರಿಗೈಲಿ ಬರಲಿಲ್ಲ. ಸಪ್ಪಲಮ್ಮನ ಮರಕ್ಕೆ ಹರಕೆಯ ಬಟ್ಟೆ ಕಟ್ಟುವುದು ಆ ಕಡೆಯ ರೂಢಿ. ಈ ಅಮ್ಮ ಪ್ಲಾಸ್ಟಿಕ್ ಉಟ್ಟಿದ್ದಾಳೆಂದ ಮೇಲೆ ಪ್ಲಾಸ್ಟಿಕ್ಕೇ ಆಗಬೇಕು ಎಂದು ಯಾರೋ ತೀರ್ಮಾನಿಸಿದ್ದರು. ಸೀರೆ ಅಂಗಡಿಯ ಕವರು, ಗೊಬ್ಬರದ ಚೀಲ, ಹಾಲಿನ ಪ್ಯಾಕೆಟ್ಟು. ಕೈಗೆಟುಕುವ ಕೊಂಬೆಗಳೆಲ್ಲ ತುಂಬಿ, ಮರ ಹಬ್ಬದ ಮುನ್ನಾದಿನದ ಸೀರೆ ಅಂಗಡಿಯ ಹಾಗೆ ಕಂಡಿತು. ಬುಡದಲ್ಲಿ ಊದುಬತ್ತಿಗಳ ಬೇಲಿ ಎದ್ದಿತು.

ನಂದಕುಮಾರ ಮಾತ್ರ ಗಂಟೆ ತಪ್ಪಿಸದೆ ಕೊಳವೆ ತುಂಬಿಸಿದ. ಅವನು ಪ್ರತಿಸಲ ಕೊಳವೆ ಕಳಚುವಾಗಲೂ ಜನ ಎದ್ದು ನಿಂತು ಗಲ್ಲ ಬಡಿದುಕೊಳ್ಳುತ್ತಿದ್ದರು.

“ಸ್ವಾಮಿ, ಒಂದ್ಚೂರು ತೀರ್ಥ,” ಎಂದು ಪಾಪಕ್ಕ ಅಂಗೈ ಚಾಚಿದಳು.

“ಇದರೊಳಗೆ ಇರೋದು ಗಾಳಿ ಅಕ್ಕ.”

“ಗಾಳೀನೇ ಕೊಡಿ.”

ನಡುಹಗಲಿಗೆ ಸರಿಯಾಗಿ ಸಪ್ಪಲಮ್ಮನ ಪೂಜಾರಿ ದೊಡ್ಡಮುನಿಯಪ್ಪ ಬಂದ. ಅವನ ಹಿಂದೆ ತಮಟೆ. ಒಂದು ಕೈಲಿ ಕೆಂಡ ತುಂಬಿದ ಧೂಪದ ಬಟ್ಟಲು, ಇನ್ನೊಂದು ಕೈಲಿ ಕರ್ಪೂರದ ತಟ್ಟೆ. ತನ್ನ ಅಮ್ಮ ಗುಡಿ ಬಿಟ್ಟು ತನಗೆ ಹೇಳದೆ ತೋಪಿಗೆ ಬಂದಳೆಂಬ ಮುನಿಸು ಅವನಿಗೆ. ಆ ಮುನಿಸನ್ನೆಲ್ಲ ಸಾಂಬ್ರಾಣಿಯ ಮೇಲೆ ತೀರಿಸಿದ. ಹಿಡಿ ಹಿಡಿಯಾಗಿ ಎರಚಿದ. ಹೊಗೆಯಲ್ಲಿ ಮರ ಮರೆಯಾಯಿತು, ಚೀಲ ಮರೆಯಾಯಿತು, ನಂದಕುಮಾರನ ಭವಿಷ್ಯವೂ ಮರೆಯಾಯಿತು. ಆಮೇಲೆ ಕರ್ಪೂರದ ರಾಶಿಗೆ ಬೆಂಕಿ ಬಿತ್ತು. ಎದ್ದ ಜ್ವಾಲೆಯನ್ನು ಅವನು ಮೊಳ ದೂರದಿಂದ ಚೀಲದ ಬಾಯಿಗೇ ಬೆಳಗಿದ. ಪಂಪು ಒಳ್ಳೆಯ ಹಸಿವಿನಲ್ಲಿತ್ತು. ಹೊಗೆಯನ್ನು ಗೊಟಕ್ಕೆಂದು ಎಳೆದುಕೊಂಡಿತು.

ಕಣ್ಣಲ್ಲಿ ನೀರು ಸುರಿಸುತ್ತ ನಂದಕುಮಾರ ನಡುಹಗಲ ಕೊಳವೆ ಮುಚ್ಚಿದ. ಹೊಗೆಯ ಉರಿ ಅರ್ಧ, ದುಃಖ ಅರ್ಧ. ಇನ್ನು ಮಿಕ್ಕಿರುವುದು ಅರ್ಧ ದಿನ. ಇವರನ್ನು ಈಗಲೇ ಸಾಗಹಾಕಿದರೆ ಇಳಿಮುಖದ ಗಾಳಿಯಾದರೂ ಶುದ್ಧವಾಗಿ ಸಿಕ್ಕೀತು. ಆದರೆ ಅವನ ಮಾತನ್ನು ಕೇಳುವವರು ಯಾರು? ಅಮ್ಮನ ಮಾತಾದರೆ ಕೇಳುತ್ತಾರೆ.

ತಮಟೆ ಏರಿತು. ನಂದಕುಮಾರ ವಲ್ಲಿ ಕಿತ್ತೆಸೆದು ಕಣ್ಣು ಮೇಲೆ ಮಾಡಿ ನಡುಗತೊಡಗಿದ. ಬೆಳಗಿನಿಂದ ಹೊಟ್ಟೆಗಿಲ್ಲದ್ದರಿಂದ ನಡುಕಕ್ಕೆ ಹೆಚ್ಚು ಅಭಿನಯವೇನೂ ಬೇಕಾಗಲಿಲ್ಲ.

“ಬಂದ್ಳು, ಬಂದ್ಳು,” ಎಂದು ಜನ ಹಿಂದಕ್ಕೆ ಸರಿದರು.

ದೊಡ್ಡಮುನಿಯಪ್ಪ ಇಂಥವೆಷ್ಟೋ ಕಂಡವನು. ತಮಟೆ ನಿಲ್ಲಿಸಿ, ಗಂಟಲು ಸರಿಮಾಡಿಕೊಂಡು, “ಯಾರು ತಾಯಿ ನೀನು? ಹೆಸರೇಳು,” ಎಂದ.

ಇಲ್ಲಿ ನಂದಕುಮಾರ ಸಿಕ್ಕಿಬಿದ್ದ. ಸಪ್ಪಲಮ್ಮನ ಹೆಸರನ್ನು ಸುಳ್ಳಿಗೆ ಬಾಯಿಗೆ ತರಲು ಅವನಿಗೆ ಭಯ. ಚಿಕ್ಕಂದಿನಲ್ಲಿ ಅವರ ಬೀದಿಯ ಭಜನೆಮನೆಯಲ್ಲಿ ಪ್ರತಿ ಸಂಜೆ ಕಾವ್ಯ ಓದುತ್ತಿದ್ದರು. ಕಂಬಕ್ಕೊರಗಿ ಬಾಯಿ ಬಿಡದೆ ಕೇಳಿಕೊಂಡು ಬೆಳೆದವನು. ರಾಗ ಮಾತ್ರ ಇಂದಿಗೂ ಗಂಟಲಲ್ಲಿತ್ತು. ಆ ರಾಗ ಹಿಡಿದು ಬಾಯಿ ತೆರೆದ. ನಿಜವಾಗಿ ಆ ಚೀಲದ ಗಾಳಿಯಲ್ಲಿ ಯಾರಿದ್ದರೋ ಅವರ ಹೆಸರೇ ಹೊರಬಂತು:

“ಆಲ್ಫಾ ಪೈನೀ...ನ, ಬೀಟಾ ಪೈನೀ...ನ, ಲಿಮೋನೀನ, ಸಿನಿಯೋಲ...”

ಜನ ಗಲ್ಲ ಬಡಿದುಕೊಂಡರು. ಅಮ್ಮನ ಇಷ್ಟೊಂದು ನಾಮಗಳನ್ನು ಅವರು ಕೇಳಿರಲೇ ಇಲ್ಲ. ದೊಡ್ಡಮುನಿಯಪ್ಪ ಸಂಸ್ಕೃತದ ಮುಂದೆ ಸೋತು ಅಡ್ಡಬಿದ್ದ.

“ಏನಪ್ಪಣೆ ತಾಯಿ?”

“ಉಸಿರು ಕಟ್ಟುತ್ತೆ ನನಗೆ. ಈ ತೋಪಲ್ಲಿ ಇನ್ನು ಕರ್ಪೂರ ಬೇಡ. ಧೂಪ ಬೇಡ. ಹೂವು ಬೇಡ. ಯಾರೂ ಬರಬೇಡಿ.”

“ವರ್ಷಕ್ಕೊಂದು ಆರತಿ ತಾಯಿ, ಅಷ್ಟಾದ್ರೂ?”

“ಬೇಡ.”

“ಊದುಬತ್ತಿ ಒಂದೇ ಒಂದು?”

“ಬೇಡ.”

“ಜವರಪ್ಪನ ಬೀಡಿ?” ಎಂದಳು ಹಿಂದಿನಿಂದ ಪಾಪಕ್ಕ, ಸಮಯ ನೋಡಿ.

“ಮೊದಲು ಅದು ಬೇಡ.”

ಜವರಪ್ಪ ಬೆನ್ನ ಹಿಂದಿನ ಬೀಡಿಯನ್ನು ಅಂಗೈಯಲ್ಲೇ ಹಿಚುಕಿಕೊಂಡ. ಸುಟ್ಟರೂ ತುಟಿಪಿಟಕ್ಕೆನ್ನಲಿಲ್ಲ.

ಎಂಥ ಶಿಸ್ತಿನ ಜನ. ಕಟ್ಟಿದ ಕವರುಗಳನ್ನು ಬಿಚ್ಚಿದರು, ಊದುಬತ್ತಿ ಕಿತ್ತರು, ಬೂದಿಯನ್ನು ಸಹ ಸೆರಗಲ್ಲಿ ಕಟ್ಟಿಕೊಂಡು, ಬೆನ್ನು ತೋರಿಸದೆ ಹಿಂದಕ್ಕೆ ಹಿಂದಕ್ಕೆ ನಡೆದು ತೋಪು ದಾಟಿದರು. ಹೊಗೆ ಮೆಲ್ಲಮೆಲ್ಲಗೆ ತೆಳುವಾಗುತ್ತ ಹೋಯಿತು. ನಂದಕುಮಾರ ಸಂಜೆಯವರೆಗೆ ಒಬ್ಬನೇ ಕೂತು ಕೊಳವೆ ತುಂಬಿಸಿದ. ಕೊನೆಯದನ್ನು ಮುಚ್ಚಿ, ಊರ ದಿಕ್ಕಿಗೆ ತಿರುಗಿ, “ತಪ್ಪಾಯ್ತು ತಾಯಿ, ಹೊಟ್ಟೆಪಾಡು,” ಎಂದು ಗಲ್ಲ ಬಡಿದುಕೊಂಡ. ಅರ್ಧ ದಿನದ ಗಾಳಿ ಕೆಟ್ಟಿತ್ತು. ಕೆಲಸವೂ ಹೋದ ಹಾಗೆಯೇ ಎಂದುಕೊಂಡು ಮೊಪೆಡ್ ಹತ್ತಿದ.

ಸೋಮವಾರ ಬೆಂಗಳೂರಲ್ಲಿ ಯಂತ್ರ ಕೊಳವೆಗಳನ್ನು ಮೂಸಿ, ಗಂಧ ಯಾವುದರದೆಂದು ಕೇಳದೆ ಎಷ್ಟೆಂದಷ್ಟೇ ಅಳೆಯಿತು. ಪ್ರಿಂಟರು ಕರಕರ ಸದ್ದು ಮಾಡಿ ಕಾಗದ ಉಗುಳಿತು. ರಾಯರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, ತಿರುಗಿಸಿ ಮತ್ತೆ ನೋಡಿದರು. ನಂದಕುಮಾರ ಮನಸ್ಸಿನಲ್ಲೇ ಮಗ್ಗದ ಮುಂದೆ ಕೂತು ಲಾಳಿ ಹಿಡಿದಾಗಿತ್ತು.

“ನಂದಕುಮಾರ್, ಬಾ ಇಲ್ಲಿ.”

ಕಾಗದದ ಮೇಲೆ ಶಿವಗಂಗೆ ಬೆಟ್ಟ ನಿಂತಿತ್ತು. ಬೆಳಗಿನ ಬೀಡಿಯಿಂದ ಮೆಲ್ಲನೆ ಎದ್ದು, ಮಲ್ಲಿಗೆ ಊದುಬತ್ತಿಗಳ ಮೆಟ್ಟಿಲೇರಿ, ನಡುಹಗಲ ಮಂಗಳಾರತಿಯಲ್ಲಿ ತುದಿ ಮುಟ್ಟಿ, ಅಮ್ಮನ ಅಪ್ಪಣೆಯಾದ ಮೇಲೆ ಇಳಿದು, ಸಂಜೆಗೆ ಬಯಲು ಸೇರಿತ್ತು. ಪಕ್ಕದಲ್ಲಿ ಮಾಡೆಲ್ಲಿನ ಬೆಟ್ಟ. ಒಂದರ ಮೇಲೊಂದಿಟ್ಟರೆ ಅವಳಿಜವಳಿ.

“ಆವತ್ತಿಂದ ಹೇಳ್ತಿದ್ದೆ, ಮಾಡೆಲ್ ತಪ್ಪಲ್ಲ ಅಂತ,” ಎಂದರು ರಾಯರು. ಅವರ ಕಣ್ಣು ಒದ್ದೆಯಾಗಿತ್ತು.

ನಂದಕುಮಾರನ ಆತ್ಮಸಾಕ್ಷಿ ಚುಚ್ಚಿತು. “ಸಾರ್, ಅವತ್ತು ಅಲ್ಲಿ ಸ್ವಲ್ಪ ಜನ ಸೇರಿದ್ರು. ಕರ್ಪೂರ ಹಚ್ಚಿದ್ರು.”

ರಾಯರು ನಕ್ಕರು. “ಅಲ್ಲಯ್ಯಾ, ಇಷ್ಟು ಕ್ರಮವಾಗಿ ಏರಿ, ಇಷ್ಟು ಕ್ರಮವಾಗಿ ಇಳಿಯೋಕೆ ಕರ್ಪೂರಕ್ಕೇನು ನನ್ನ ಮಾಡೆಲ್ ಗೊತ್ತಾ?”

ನಂದಕುಮಾರ ಇನ್ನೊಮ್ಮೆ ಬಾಯಿ ತೆರೆಯುವ ಮೊದಲೇ ರಾಯರು ಕಾಗದ ಮಡಚಿದರು.

“ಕೇಳಿಲ್ಲಿ. ಒಂದು ಸಲ ಬಂದ್ರೆ ನಮಗೆ ಹಣ ಕೊಡೋ ದೆಹಲಿಯವರು ಅದೃಷ್ಟ ಅಂತಾರೆ. ಎರಡನೇ ಸಲ ಬಂದ್ರೇನೇ ವಿಜ್ಞಾನ. ಈ ಶುಕ್ರವಾರ ಮತ್ತೆ ಹೋಗು. ಅದೇ ಮರ, ಅದೇ ಕೊಂಬೆ, ಅದೇ ರೀತಿ. ಏನೂ ಬದಲಾಯಿಸಬೇಡ. ಬೆಟ್ಟ ಬಂತೋ, ನಿನ್ನ ಕೆಲಸ ಕಾಯಂ. ಬರಲಿಲ್ವೋ, ಇದು ನೀನೇ ಕೂತು ಬರೆದ ಬೆಟ್ಟ ಅಂತ ತಿಳ್ಕೋಬೇಕಾಗುತ್ತೆ.”

ಏನೂ ಬದಲಾಯಿಸಬೇಡ ಎಂದರೆ ಏನನ್ನೂ ಬದಲಾಯಿಸಬಾರದು. ಹಾಗೆಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ನಂದಕುಮಾರ ಬುಧವಾರ ಒಂದು ಕಟ್ಟು ಕರ್ಪೂರ ಕೊಂಡು ತೋಪಿಗೆ ಹೋದ. ಊರವರು ಬಾರದಿದ್ದರೆ ಹೋಗಲಿ, ಒಬ್ಬನೇ ಒಂದಿಷ್ಟು ಬೆಟ್ಟ ಎಬ್ಬಿಸಿ ನೋಡೋಣ ಎಂದು. ತೋಪಿನ ಬಾಯಲ್ಲೇ ಜವರಪ್ಪ ಕೈ ಅಡ್ಡ ಹಿಡಿದ. ಅಂಗೈಗೆ ಪಟ್ಟಿ ಕಟ್ಟಿತ್ತು, ಬಾಯಲ್ಲಿ ಬೀಡಿಯ ಬದಲು ಬೇವಿನ ಕಡ್ಡಿ.

“ಏನ್ ಗುರು ಅದು, ಕರ್ಪೂರನಾ? ತತ್ತಾ ಇಲ್ಲಿ. ಬೆಂಕಿಪೊಟ್ಣನೂ ಕೊಡು. ಅಪ್ಪಣೆ ಆಗೈತೆ.”

“ಅಪ್ಪಣೆ ಆಗಿದ್ದೇ ನನ್ನ ಬಾಯಿಂದ ಅಲ್ವೇನಣ್ಣ?”

“ಬಾಯಿ ನಿಂದು, ಮಾತು ಅಮ್ಮಂದು. ತತ್ತಾ.”

ಉಳಿದದ್ದು ಒಂದೇ ದಾರಿ. ಪಾಪಕ್ಕ ಹೊರಟರೆ ಊರೇ ಹೊರಡುತ್ತದೆ. ಅವಳ ಮನೆಯ ಜಗಲಿಯ ಮುಂದೆ ನಂದಕುಮಾರ ಕೈಕಟ್ಟಿ ನಿಂತ. ಪಾಪಕ್ಕ ಮೊರದಲ್ಲಿ ರಾಗಿ ಕೇರುತ್ತಿದ್ದಳು. ಅವನನ್ನು ಕಂಡದ್ದೇ ಎದ್ದು ಚಾಪೆ ಹಾಸಿ, ಒಳಗಿಂದ ಒಂದು ಲೋಟ ಮಜ್ಜಿಗೆ ತಂದಳು.

“ಪಾಪಕ್ಕಾ, ಶುಕ್ರವಾರ ಒಂದ್ಸಲ ಎಲ್ಲರನ್ನೂ ಕರ್ಕೊಂಡು ಬನ್ನಿ. ಹೋದ ಸಲ ಹೇಗೆ ಮಾಡಿದ್ರೋ ಹಾಗೇ. ಧೂಪ, ಕರ್ಪೂರ, ಹೂವು, ಯಾವ್ದೂ ಬಿಡಬೇಡಿ.”

“ಉಂಟಾ ಸ್ವಾಮಿ? ಅಮ್ಮ ಬ್ಯಾಡ ಅಂದವ್ಳೆ.”

“ಅಮ್ಮ ಅಲ್ಲ ಅಕ್ಕ. ಅವತ್ತು ಮಾತಾಡಿದ್ದು ನಾನು. ಸುಮ್ಮನೆ ನಡುಗ್ದೆ. ನಾಟಕ ಮಾಡ್ದೆ.”

ಪಾಪಕ್ಕ ಮೊರ ಕೆಳಗಿಟ್ಟು, ಜ್ವರ ಬಂದ ಮಗುವನ್ನು ನೋಡುವ ಹಾಗೆ ನೋಡಿದಳು. “ಮೈಮೇಲೆ ಬಂದದ್ದು ಬಂದೋನಿಗೆ ಯಾವತ್ತೂ ಗೊತ್ತಾಗಾಕಿಲ್ಲ ಕಣಪ್ಪ. ನಮ್ಮ ದೊಡ್ಡಮುನಿಯಪ್ಪನೂ ಇಳಿದ ಮ್ಯಾಲೆ ಹಿಂಗೇ ಅಂತಾನೆ, ನಾನೇನೂ ಮಾತಾಡೇ ಇಲ್ಲ ಅಂತ. ಗೊತ್ತಾಗಾದು ನಿಂತು ನೋಡ್ದೋರ್ಗೆ.”

“ಅಯ್ಯೋ, ನಾನು ಹೇಳಿದ್ದು ದೇವರ ಹೆಸರೇ ಅಲ್ಲ. ಗಾಳಿ ಹೆಸರು.”

“ಅಮ್ಮ ಗಾಳೀಲಿಲ್ದೆ ಇನ್ನೆಲ್ಲವ್ಳೆ?”

ನಂದಕುಮಾರ ಕೈಮುಗಿದ. “ಅಕ್ಕ, ನೀವು ಬರದಿದ್ರೆ ನನ್ನ ಕೆಲಸ ಹೋಗುತ್ತೆ. ನಮ್ಮಪ್ಪನ ಮುಂದೆ ನಿಲ್ಲೋಕೆ ನನ್ನ ಕೈಲಾಗಲ್ಲ. ಕಾಲಿಗೆ ಬೀಳ್ತೀನಿ.”

“ಬೀಳ್ಬ್ಯಾಡ, ನಂಗೆ ಪಾಪ ಸುತ್ಕೊಂಡೀತು,” ಎಂದು ಪಾಪಕ್ಕ ಕಾಲು ಹಿಂದಕ್ಕೆಳೆದುಕೊಂಡಳು. ಅವಳ ಕಣ್ಣಲ್ಲಿ ನೀರಾಡಿತು. “ಮೊದ್ಲು ಮಜ್ಜಿಗೆ ಕುಡಿ ಮಗಾ.”

ಅವನು ಕುಡಿದ. ಲೋಟ ಕೆಳಗಿಟ್ಟು, ಮತ್ತೆ ಕೈಮುಗಿದ.

“ಶುಕ್ರವಾರ ಬರ್ತೀರಲ್ಲ ಅಕ್ಕ?”

“ಬರಾಕಿಲ್ಲ,” ಎಂದಳು ಪಾಪಕ್ಕ.